ದುಂಡಪ್ಪ ಆರಿಸಿದ ಜೋಡಿ ಸಿಲಿಂಡರ್

ದುಂಡಪ್ಪ ಹದಿನೈದು ವರ್ಷ ನೌಕಾದಳದಲ್ಲಿ ಮುಳುಗುಗಾರನಾಗಿದ್ದು, ಪೆನ್ಶನ್ ಮೇಲೆ ಬಂದು ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಮಾಡಿದ್ದ. ಬಾವಿಗೆ ಬಿದ್ದ ಪಂಪು ಎತ್ತುವುದಿರಲಿ, ನೀರೊಳಗಿನ ಹೂಳು ಬಿಡಿಸುವುದಿರಲಿ, ಸುತ್ತಲಿನ ತಾಲ್ಲೂಕುಗಳಿಗೆಲ್ಲ ಅವನೊಬ್ಬನೇ. ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಹೆಂಡತಿ ಶಿವಬಸವ್ವ ಆಗತಾನೇ ಕಾಸಿದ ಹಾಲನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ ಖಾನಾಪುರದ ಒಂದು ಹಂಚಿನ ಕಾರ್ಖಾನೆಯವರು ಕರೆ ಕಳಿಸಿದರು. ಮಲಪ್ರಭೆಯ ದಂಡೆಯ ಮೇಲೆ ನೀರೆತ್ತಲು ಕಟ್ಟಿದ ಅವರ ಬಾವಿಯಲ್ಲಿ, ಅಂದರೆ ಜಾಕ್‌ವೆಲ್ಲಿನಲ್ಲಿ, ನದಿಯ ನೀರು ಒಳಗೆ ಬರುವ ಜಾಳಿಗೆ ಕಸ ಕಟ್ಟಿತ್ತು. ಮೂವತ್ತು ಅಡಿ ಆಳ. ಕೆಲಸವೂ ತಾಸುಗಟ್ಟಲೆಯದು. ಬೆನ್ನಿಗೆ ಕಟ್ಟುವ ಒಂಟಿ ಸಿಲಿಂಡರಿನ ಉಸಿರುಗಾಳಿ ಸಾಲದು, ಜೋಡಿಯೇ ಬೇಕು. ಪೀರನವಾಡಿಯಲ್ಲಿ ಹಳೆ ಸಾಮಾನಿನ ವ್ಯಾಪಾರ ಮಾಡುವ ಗುರುಪಾದಪ್ಪನ ಶೆಡ್ಡಿನಲ್ಲಿ, ಗೋವೆಯ ಹರಾಜಿನಿಂದ ತಂದ ಎರಡು ಜೋಡಿಗಳಿದ್ದವು.

ಅವನ್ನು ತೋರಿಸಿದವನು ಶೆಡ್ಡಿನ ಫಿಟ್ಟರ್ ಉತ್ತಮ. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಮೆದು.

"ಈ ಹಳದಿ ಜೋಡಿ ತಗೋರಿ ಅಣ್ಣಾ. ನಾನ ಬಣ್ಣಾ ಹಚ್ಚೇನಿ. ಹಗರ ಐತಿ."

"ಬಣ್ಣಾ ಯಾಕ ಹಚ್ಚಿದಿ?"

"ಚೊಲೋ ಕಾಣಲಿ ಅಂತ."

ದುಂಡಪ್ಪನಿಗೆ ಅಲ್ಲಿಯೇ ಕಸಿವಿಸಿಯಾಯಿತು. ಜೇಬಿನಿಂದ ನಟ್ಟು ತಿರುಗಿಸುವ ಪಾನಾ ತೆಗೆದು ಹಳದಿ ಸಿಲಿಂಡರುಗಳನ್ನು ಒಂದೊಂದಾಗಿ ಬಡಿದ. ಎಡಗಡೆಯದು ಗಂಟೆಯಂತೆ ಉದ್ದಕ್ಕೆ ನಾದ ಕೊಟ್ಟಿತು. ಬಲಗಡೆಯದು ಮಣ್ಣಿನ ಗಡಿಗೆಯಂತೆ ದಪ್ಪೆಂದಿತು. ಅದನ್ನು ತಲೆಕೆಳಗು ಮಾಡಿ, ಬಾಯಿಗೆ ಬಿಳಿ ಕರವಸ್ತ್ರ ಒಡ್ಡಿ, ವಾಲ್ವನ್ನು ಒಂದೆಳೆ ತಿರುಗಿಸಿದ. ಬುಸ್ಸೆಂದು ಬಂದ ಗಾಳಿಯ ಜತೆ ಬಟ್ಟೆಯ ಮೇಲೆ ಕಂದು ಕಲೆ ಮೂಡಿತು. ಒಳಗೆ ನೀರು ಹೊಕ್ಕು ತುಕ್ಕು ತಿಂದಿತ್ತು.

ಉತ್ತಮನ ಮುಖ ಸಪ್ಪಗಾಯಿತು. "ನಾಕ ದಿನ ತಡೀರಿ, ಒಳಗ ತಿಕ್ಕಿ ಕೊಡ್ತೇನಿ" ಅಂದ.

"ಬ್ಯಾಡ."

ಮೂಲೆಯಲ್ಲಿದ್ದ ಕರಿ ಜೋಡಿಗೆ ಬಣ್ಣ ಕಿತ್ತುಹೋಗಿತ್ತು. ಆದರೆ ಎರಡೂ ಒಂದೇ ಸಮ ನಾದ ಕೊಟ್ಟವು, ಬಟ್ಟೆ ಬೆಳ್ಳಗೆ ಉಳಿಯಿತು, ಕೊರಳಿನಲ್ಲಿ ಒತ್ತಿದ ಪರೀಕ್ಷೆಯ ತಾರೀಖೂ ಹತ್ತಿರದ್ದು. ಭಾರ ಮಾತ್ರ ಒಂದು ಸಿಮೆಂಟಿನ ಚೀಲದಷ್ಟು. ಎತ್ತುವಾಗ ದುಂಡಪ್ಪನ ಸೊಂಟ ಚಳಕ್ ಅಂದಿತು. ಮುಖ ತೋರಗೊಡದೆ ಹೊತ್ತುಕೊಂಡ.

"ಅಣ್ಣಾ, ಅದು ಭಾಳ ವಜ್ಜಾ ಐತಿ, ಬ್ಯಾಡ್ರಿ."

ಈತನಿಗೆ ಕೆಟ್ಟದ್ದನ್ನು ಕೊಡುವ ಅವಸರವೇಕೆ, ಒಳ್ಳೆಯದನ್ನು ತಪ್ಪಿಸುವ ಹಟವೇಕೆ? ದುಂಡಪ್ಪ ಆ ರಾತ್ರಿ ಇದನ್ನೇ ಹೊಸೆದ.

ಬೆಳಿಗ್ಗೆ ಜೀಪಿನಲ್ಲಿ ಉತ್ತಮನೂ ಹತ್ತಿದ, ಗುರುಪಾದಪ್ಪನೇ ಕಳಿಸಿದ್ದನಂತೆ. ದುಂಡಪ್ಪ ಹಿಂದೆ ಕೂತು, ಉರುಳದಂತೆ ಅಡ್ಡ ಮಲಗಿಸಿದ ಸಿಲಿಂಡರುಗಳ ಮೇಲೆ ಖಾನಾಪುರದವರೆಗೂ ಕಾಲು ಚಾಚಿಯೇ ಇದ್ದ. ಇಳಿಸಲು ಉತ್ತಮ ಕೈ ಚಾಚಿದರೆ, "ಮುಟ್ಟಬ್ಯಾಡ" ಅಂದ. ಹೆಗಲಿಗೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಕಾರ್ಖಾನೆಯ ಪಂಪ್ ಆಪರೇಟರ್ ಕಲ್ಲಯ್ಯನ ಕೈಗೆ ಕೊಟ್ಟ. "ನಾಕ ಸಲ ಜಗ್ಗಿದರ ಎಳೀರಿ" ಎಂದು ಹೇಳಿ, ಉತ್ತಮನನ್ನು ದೂರ, ಬಾವಿಯ ಆಚೆ ಅಂಚಿಗೆ ಕೂರಿಸಿದ.

ಆ ಜೋಡಿಗೆ ಬೆನ್ನ ಪಕ್ಕ ಇಳಿಬಿದ್ದ ಒಂದು ಸರಳಿತ್ತು. ಗಾಳಿ ಮುಗಿಯುತ್ತ ಬಂದಾಗ ಉಸಿರು ಬಿಗಿಯಾಗುತ್ತದೆ. ಆಗ ಸರಳನ್ನು ಕೆಳಗೆ ಜಗ್ಗಿದರೆ, ಮೇಲೆ ಬರಲು ಸಾಕಾಗುವಷ್ಟು ಮೀಸಲು ಗಾಳಿ ಸಿಗುತ್ತದೆ. ಸರಳು ಮೊದಲೇ ಇಳಿದಿದ್ದರೆ ಮೀಸಲೂ ಗೊತ್ತಾಗದಂತೆ ಖರ್ಚಾಗಿ ಹೋಗುತ್ತದೆ. ಅದಕ್ಕೇ ಮುಳುಗುವವನ ಬೆನ್ನನ್ನು ಇನ್ನೊಬ್ಬ ನೋಡಲೇಬೇಕು. ದುಂಡಪ್ಪ ಯಾರಿಗೂ ನೋಡಗೊಡಲಿಲ್ಲ. ಒಬ್ಬನೇ ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ಪಟ್ಟಿ ಬಿಗಿದುಕೊಂಡ, ತೊಡೆಯ ಬಲದ ಮೇಲೆ ಎದ್ದ, ಭಾರಕ್ಕೆ ಗೋಡೆಗೆ ಒರಗುತ್ತ ಒರಗುತ್ತ ಇಕ್ಕಟ್ಟಿನ ಮೆಟ್ಟಿಲು ಇಳಿದು ನೀರಿಗಿಳಿದ.

ಕೆಳಗೆ ಕೈ ತಡವಿದ್ದೇ ಕಣ್ಣು. ಬೇರು, ಚಿಂದಿ, ಹಂಚಿನ ಚೂರು. ಅರ್ಧ ಜಾಳಿಗೆ ಬಿಡಿಸುವಷ್ಟರಲ್ಲಿ ಉಸಿರು ಬಿಗಿಯಾಯಿತು. ಸರಳಿಗೆ ಕೈ ಹಾಕಿದ. ಅದು ಆಗಲೇ ಕೆಳಗಿತ್ತು.

ಉತ್ತಮ! ಮೊದಲು ಹೊಳೆದದ್ದು ಅದೇ. ಮೇಲಕ್ಕೆ ಒದ್ದ, ಎದೆಯ ಪಟ್ಟಿ ಜಾಳಿಗೆಯ ಕಂಬಿಗೆ ಸಿಕ್ಕಿತ್ತು. ಹಗ್ಗವನ್ನು ನಾಲ್ಕು ಸಲ ಜಗ್ಗಿದ. ಹಗ್ಗದ ಸಡಿಲು ಸುರುಳಿ ಅವನ ಮೇಲೆಯೇ ಬಂದು ಬಿತ್ತು. ಎದೆ ಉರಿಯತೊಡಗಿತು. ಇನ್ನೇನು ಮುಗಿಯಿತು ಅನ್ನುವಾಗ ಹಗ್ಗ ತಟ್ಟನೆ ಬಿಗಿಯಿತು, ಪಟ್ಟಿ ಹರಿಯಿತು. ಮೇಲೇರುವಾಗ ಉಸಿರು ಹಿಡಿದರೆ ಶ್ವಾಸಕೋಶ ಒಡೆಯುತ್ತದೆಂದು ಗೊತ್ತಿದ್ದವನು, ಇದ್ದಬದ್ದ ಗಾಳಿಯನ್ನೆಲ್ಲ ಊದುತ್ತ ಬೆಳಕಿಗೆ ಬಂದ.

ಮೆಟ್ಟಿಲ ಮೇಲೆ ಎಳೆದುಕೊಂಡದ್ದು ಉತ್ತಮ. ಅವನ ಕೊರಳಪಟ್ಟಿಯನ್ನೇ ದುಂಡಪ್ಪ ಹಿಡಿದ.

"ಸರಳ ಜಗ್ಗಿದಾಂವ ನೀನ ಅಲ್ಲೇನಲೇ?"

"ನನ್ನ ಬಾಜೂಕ ಬರಗೊಟ್ಟೀರೇನ್ರಿ ನೀವು?" ಉತ್ತಮ ಕೇಳಿದ. "ನೀರಾಗ ಗುಳ್ಳಿ ನಿಂತ್ವು. ಕಲ್ಲಯ್ಯಾರು ಬೀಡಿ ಹಚ್ಚಾಕ ಹಗ್ಗಾ ಬಿಟ್ಟಿದ್ರು. ಓಡಿ ಬಂದು ಎಳದೆ."

ಅವನ ಎರಡೂ ಅಂಗೈ ಸುಲಿದು ರಕ್ತ ಒಸರುತ್ತಿತ್ತು. ದುಂಡಪ್ಪ ಕೈ ಬಿಟ್ಟ. ಸಿಲಿಂಡರು ಬಿಚ್ಚಿ ನೋಡಿದ. ಸರಳು ಹೊರಕ್ಕೆ ಬಾಗಿತ್ತು. ತಲೆ ಎತ್ತಿದರೆ, ಅವನು ಬೆನ್ನು ಕೊಟ್ಟಿದ್ದ ಕಟ್ಟೆಯ ಜಂಬಿಟ್ಟಿಗೆಯಲ್ಲಿ ಒಂದು ಹೊಸ ಗೀರು ಎದ್ದಿತ್ತು. ಭಾರ ಹೊತ್ತು ಏಳುವಾಗ ಸರಳಿನ ತುದಿ ಅಲ್ಲಿ ಸಿಕ್ಕು, ತಾನೇ ಅದನ್ನು ಕೆಳಗೆ ಜಗ್ಗಿಸಿಕೊಂಡಿದ್ದ. ಉತ್ತಮ ಹಿಂದೆ ನಿಂತಿದ್ದರೆ ಒಂದು ನೋಟಕ್ಕೆ ಹೇಳುತ್ತಿದ್ದ.

ಕಲ್ಲಯ್ಯ ತಪ್ಪಿತಸ್ಥನಂತೆ ಚಹಾ ತಂದಿಟ್ಟ. ದುಂಡಪ್ಪ ಅದನ್ನು ಉತ್ತಮನ ಕಡೆಗೆ ಸರಿಸಿದ.

"ತಪ್ಪು ನಂದು, ಉತ್ತಮಾ. ಖರೇ ಹೇಳು, ಆ ಹಳದೀನ ಯಾಕ ತಗೋ ಅಂತಿದ್ದಿ?"

"ಶೆಡ್ಡಿಗೆ ಬಂದಾಗನ ಸೊಂಟಾ ಹಿಡಕೊಂಡ ನಡದ್ರಿ. ಹಗರ ಇದ್ದದ್ದು ಬೇಸ ಆಕೈತಿ ಅನಿಸ್ತು. ಒಳಗ ತುಕ್ಕ ಇತ್ತು ಅಂತ ನನಗರ ಏನ ಗೊತ್ತು? ನೀವು ತೋರಿಸಿದ ಮ್ಯಾಲ ನಾಚಿಕಿ ಆತು."

ದುಂಡಪ್ಪ ಒದ್ದೆ ಕರವಸ್ತ್ರವನ್ನು ಎರಡಾಗಿ ಹರಿದು ಅವನ ಅಂಗೈಗಳಿಗೆ ಸುತ್ತಿದ. ಬಾಗಿದ ಸರಳನ್ನು ಉತ್ತಮ ಎರಡು ದಿನದಲ್ಲಿ ನೆಟ್ಟಗೆ ಮಾಡಿದ, ಗಾಳಿಯನ್ನೂ ತುಂಬಿಸಿದ. ಮೂರನೆಯ ದಿನ ಭಾರವನ್ನು ಇಬ್ಬರೂ ಸೇರಿ ಇಳಿಸಿದರು. ಉತ್ತಮ ಬೆನ್ನ ಮೇಲಿನ ಸರಳನ್ನೂ ವಾಲ್ವುಗಳನ್ನೂ ಮುಟ್ಟಿ ನೋಡಿ, ಹಗ್ಗವನ್ನು ತಾನೇ ಹಿಡಿದು ನಿಂತ.

"ಗಟ್ಟಿ ಹಿಡದೀಯಿಲ್ಲೋ?" ದುಂಡಪ್ಪ ನೀರಿನಂಚಿನಿಂದ ಕೇಳಿದ.

"ಹಿಡದೇನ್ರಿ ಅಣ್ಣಾ."

ಇನ್ನೂ ಎರಡು ಸಲ ಕೇಳಿದ. ಉತ್ತಮ ಬೇಸರಪಡದೆ ಎರಡು ಸಲವೂ ಅದೇ ಉತ್ತರ ಕೊಟ್ಟ. ಆ ಸಂಜೆ ದುಂಡಪ್ಪ ಜಾಳಿಗೆ ಪೂರ್ತಿ ಬಿಡಿಸಿ ಮೇಲೆ ಬಂದ ಹಿಂದೆಯೇ ಜಾಕ್‌ವೆಲ್ಲಿಗೆ ನದಿಯ ನೀರು ನುಗ್ಗಿ ಬಂತು.