ಬೂತಪ್ಪ ಬಿಚ್ಚದ ಸೀಟು

ಎದುರಿನದು ಕಾಣದ ತಿರುವು ಸಿಕ್ಕಿದರೆ ಬೂತಪ್ಪ ಗಂಟಲಿನಲ್ಲೇ ಹಾರ್ನ್ ಹೊಡೆಯುತ್ತಿದ್ದ. ಸ್ಟಿಯರಿಂಗ್ ಹಿಡಿದಾಗಿನ ಮಾತಲ್ಲ ಇದು, ಕಾಲ್ನಡಿಗೆಯ ಮಾತು. ಕೊಪ್ಪದ ಪೇಟೆಯಲ್ಲಿ ಅಂಗಡಿಯ ಮೂಲೆ ತಿರುಗುವ ಮೊದಲು, ಆಸ್ಪತ್ರೆಯ ಓಣಿಯಲ್ಲಿ, ಕೊನೆಗೆ ಮದುವೆಮನೆಯ ಚಪ್ಪರದ ಕಂಬ ಬಳಸುವಾಗಲೂ ಕೆಳದನಿಯಲ್ಲಿ ಒಂದು ‘ಪೋಂ’ ಎನ್ನಿಸಿ, ಅರೆಕ್ಷಣ ತಡೆದು, ಎಡಕ್ಕೆ ಸರಿದು ಹೋಗುವವನು. ಹೊಸಬರು ನಗುತ್ತಿದ್ದರು, ಹಳಬರು ದಾರಿ ಬಿಡುತ್ತಿದ್ದರು. ಮೈಮೇಲೆ ಸಂತೆಯಲ್ಲಿ ಕೊಂಡ ಕಂದುಬಣ್ಣದ ಉಣ್ಣೆಯ ಕೋಟು. ಯಾವ ದೊರೆಯದೋ ಯಾವ ಗುಮಾಸ್ತನದೋ, ಭುಜ ಒಂದು ಗೇಣು ಹೆಚ್ಚೇ ಅಗಲವಾಗಿದ್ದ ಅದು ಏಪ್ರಿಲ್ಲಿನ ಬಿಸಿಲಿಗೂ ಇಳಿಯುತ್ತಿರಲಿಲ್ಲ. ಇಂಜಿನ್ನುಗಳಿಗೆ ಬಹುವಚನ, ಮನುಷ್ಯರಿಗೆ ಏಕವಚನ ಎಂಬುದು ಅವನ ಮರ್ಯಾದೆಯ ಕ್ರಮ. ಜೀಪಿನ ಬಾನೆಟ್ಟನ್ನು ಯಾರದೋ ಮನೆಯ ಬಾಗಿಲು ತಟ್ಟುವಂತೆ ತಟ್ಟಿ, ‘ಅವ್ರಿಗೆ ಎಣ್ಣೆ ಸಾಕಾಗ್ಲಿಲ್ಲ, ಸಿಟ್ಟು ಮಾಡ್ಕಂಡಿದಾರೆ. ನೀ ಸ್ವಲ್ಪ ಹಿಂದೆ ನಿಲ್ಲು ಮಾರಾಯ’ ಎಂದು ಹೇಳಿಯೇ ಎತ್ತುತ್ತಿದ್ದ.

ವಿನಯವೆಂಬುದು ಅವನ ಹತ್ತಿರ ಸುಳಿದದ್ದಿಲ್ಲ. ತನ್ನಂಥ ಗಾಡಿ ಮೇಸ್ತ್ರಿ ಶಿವಮೊಗ್ಗದಿಂದ ಮಂಗಳೂರಿನ ತನಕ ಇನ್ನೊಬ್ಬನಿಲ್ಲವೆಂದು ಘೋಷಿಸಿದ ವಾರದಲ್ಲೇ, ಅವನು ಬಿಗಿದುಕೊಟ್ಟ ಜೀಪೊಂದು ಬಾಳೆಹೊನ್ನೂರಿನ ಸೇತುವೆಯ ಮೇಲೆ ಚಕ್ರ ಕಳಚಿಕೊಂಡು ಕೂತಿತು. ‘ಸೇತುವೆ ಸರಿ ಇಲ್ಲ’ ಎಂದನೇ ಹೊರತು ನಟ್ಟಿನ ಮಾತೆತ್ತಲಿಲ್ಲ. ಹೀಗಿದ್ದೂ ಪ್ರಸಾದ ತನ್ನ ಅಪ್ಪನ ಕಾರನ್ನು ಅವನ ಕೈಗೇ ಕೊಟ್ಟದ್ದೇಕೆಂದರೆ, ಆ ಕಾರನ್ನು ಮುಟ್ಟಲು ಮೂರು ತಾಲೂಕಿನಲ್ಲಿ ಬೇರೆ ಯಾರೂ ಒಪ್ಪಲಿಲ್ಲ.

ಪ್ರಸಾದನದು ಬಾಳೆಹೊನ್ನೂರಿನ ಹತ್ತಿರ ಕಾಫಿ ತೋಟ, ಶೃಂಗೇರಿ ಮಠದ ಜೊತೆ ತಲೆಮಾರುಗಳ ನಂಟಿದ್ದ ಮನೆತನ. ಆ ಸುತ್ತಿನ ತೋಟಗಾರರ ಕ್ಲಬ್ಬು ಕೊಯ್ಲು ಮುಗಿದ ಮೇಲೆ ಗುಡ್ಡದ ಖಾಸಗಿ ರಸ್ತೆಯೊಂದನ್ನು ಮುಚ್ಚಿಸಿ ಹವ್ಯಾಸಿಗಳಿಗಾಗಿ ಕಾರಿನ ಓಟ ನಡೆಸುತ್ತಿತ್ತು. ಒಂದು ಸಲಕ್ಕೆ ಒಂದೇ ಕಾರು, ಬುಡದಿಂದ ನೆತ್ತಿಗೆ, ಬೇಗ ತಲುಪಿದವರಿಗೆ ಬಹುಮಾನದ ಕಪ್ಪು. ವರ್ಷ ವರ್ಷವೂ ಜಿಪ್ಸಿಯಲ್ಲಿ ಸೋತು ಗೆಳೆಯರ ಗೇಲಿಗೆ ಆಹಾರವಾಗಿದ್ದ ಪ್ರಸಾದನ ಕಣ್ಣು, 2004ರ ಮಳೆಗಾಲ ಕಳೆದಾಗ, ಕಾಫಿಹಣ್ಣು ಸುಲಿಯುವ ಪಲ್ಪಿಂಗ್ ಶೆಡ್ಡಿನ ಹಿಂದೆ ತಗಡಿನಡಿ ಕೊಳೆಯುತ್ತಿದ್ದ ಮಸ್ಟಾಂಗ್ ಕಾರಿನ ಮೇಲೆ ಬಿತ್ತು. 1969ರದು, ಎಂಟು ಸಿಲಿಂಡರಿನದು, ಮೂತಿಯಲ್ಲಿ ಓಡುವ ಕುದುರೆಯ ಲಾಂಛನ. ಊರು ಬಿಟ್ಟು ಹೊರಟಿದ್ದ ಯಾರೋ ಪರದೇಶಿಯಿಂದ ಮದರಾಸಿನಲ್ಲಿ ಕೊಂಡು ತಂದವರು ಪ್ರಸಾದನ ತಂದೆ ವಿದ್ಯಾಶಂಕರಯ್ಯ.

ಅಮೆರಿಕದ ಕಾರಾದ್ದರಿಂದ ಅದರ ಸ್ಟಿಯರಿಂಗ್ ಎಡಗಡೆಗಿತ್ತು. ನಮ್ಮ ರಸ್ತೆಗಳಲ್ಲಿ ಎಡಗಡೆ ಕೂತವನಿಗೆ ಮುಂದಿನ ಬಸ್ಸಿನ ಬೆನ್ನು ಕಾಣುತ್ತದೆಯೇ ಹೊರತು ಅದರಾಚೆ ಎದುರಿಗೆ ಬರುತ್ತಿರುವುದು ಕಾಣುವುದಿಲ್ಲ. ಅದಕ್ಕಾಗಿ ವಿದ್ಯಾಶಂಕರಯ್ಯ ತೋಟದ ಆಳು ಜಟ್ಟಪ್ಪನನ್ನು ಬಲಗಡೆಯ ಸೀಟಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಕಿಟಕಿಯಿಂದ ಕತ್ತು ಚಾಚಿ ನೋಡಿ, ದಾರಿ ಖಾಲಿಯಿದ್ದರೆ ‘ಹೋಗಿ ಅಯ್ಯ’, ಇಲ್ಲದಿದ್ದರೆ ‘ತಡೀರಿ ಅಯ್ಯ’ ಎನ್ನುವುದು ಅವನ ಕೆಲಸ. 1979ರಲ್ಲಿ ಕೆರೆಕಟ್ಟೆಯ ಘಾಟಿಯಲ್ಲಿ, ಬಸ್ಸೊಂದನ್ನು ಹಿಂದೆ ಹಾಕಲು ಹೋಗಿ, ಎದುರಿನಿಂದ ಬಂದ ಮರದ ಲಾರಿಗೆ ಕಾರು ಬಡಿಯಿತು. ಇಬ್ಬರೂ ಉಳಿಯಲಿಲ್ಲ. ಹೆಣ ಅಂಗಳಕ್ಕೆ ಬಂದಾಗ ವಿದ್ಯಾಶಂಕರಯ್ಯನವರ ಹೆಂಡತಿ ಶಾರದಾಂಬ, ‘ಜಟ್ಟ ಹೋಗಿ ಅಂದಿರ್ಬೇಕು, ಇವ್ರು ಹೋದ್ರು’ ಎಂದು ಅತ್ತರು. ಸಂಕಟದಲ್ಲಿ ಆಡಿದ ಮಾತು. ಆದರೆ ದೊಡ್ಡ ಮನೆಯ ಜಗಲಿಯಿಂದ ಇಳಿದ ಮಾತು ಅಂಗಳ ದಾಟುವಷ್ಟರಲ್ಲಿ ಸತ್ಯವಾಗಿಬಿಡುತ್ತದೆ. ಜಟ್ಟಪ್ಪನ ತಾಯಿ ಸಣ್ಣಕ್ಕ, ಹದಿಹರೆಯದ ಕಿರಿಮಗ ಬೂತಪ್ಪನನ್ನು ಕಟ್ಟಿಕೊಂಡು ಕೂಲಿ ಲೈನಿನ ಮನೆ ಬಿಟ್ಟು ಭಂಡಿಗಡಿಗೆ ಹೋದಳು. ಸಾಲದ್ದಕ್ಕೆ ಊರಿಗೊಂದು ಗಾದೆ ಸಿಕ್ಕಿತು. ಕೆಟ್ಟ ಸಲಹೆ ಕೇಳಿ ಕೆಟ್ಟವರನ್ನು ಕಂಡರೆ ‘ಜಟ್ಟ ಹೋಗಿ ಅಂದ ಹಾಗಾಯ್ತು’ ಎನ್ನುವುದು ವಾಡಿಕೆಯಾಯಿತು. ಸತ್ತ ಮಗನ ಹೆಸರು ಸಂತೆಯಲ್ಲಿ ಹಾಗೆ ಓಡಾಡುವುದನ್ನು ಸಣ್ಣಕ್ಕ ಇಪ್ಪತ್ತೈದು ವರ್ಷ ಕೇಳಿಸಿಕೊಂಡಳು.

ಬೂತಪ್ಪ ಕರೆಯದೆಯೇ ತೋಟಕ್ಕೆ ಬಂದ. ಅಂಗಳದ ಮೂಲೆಯಲ್ಲಿ ‘ಪೋಂ’ ಎಂದು ನಿಂತವನನ್ನು ಶಾರದಾಂಬ ಒಳಗಿನಿಂದಲೇ ನೋಡಿದರು. ‘ಕುದುರೆ ಕಾರು ಓಟಕ್ಕೆ ಕಟ್ತೀಯಂತೆ. ನಾ ಕಟ್ತೀನಿ’ ಎಂದ. ಪ್ರಸಾದನಿಗೆ ಮುಜುಗರವಾಯಿತು; ಆದರೆ ಕಪ್ಪಿನ ಆಸೆ ಮುಜುಗರಕ್ಕಿಂತ ದೊಡ್ಡದಿತ್ತು.

ಜಜ್ಜಿಹೋಗಿದ್ದ ಮುಂಭಾಗವನ್ನು ಬೂತಪ್ಪ ಹಲಸಿನ ಮರಕ್ಕೆ ಸರಪಳಿ ಬಿಗಿದು ಜೀಪಿನಿಂದ ಎಳೆಸಿ ನೇರ ಮಾಡಿದ. ಹಿಂದಿನ ಸೀಟು, ನೆಲಹಾಸು, ಬಾಗಿಲಿನ ಮೆತ್ತೆ ಎಲ್ಲವನ್ನೂ ಕಿತ್ತು ಭಾರ ಇಳಿಸಿದ. ಮಗುಚಿದರೆ ತಲೆ ಉಳಿಯಲೆಂದು ಬೋರ್‌ವೆಲ್ಲಿನ ಪೈಪು ಬಗ್ಗಿಸಿ ಒಳಗೊಂದು ಪಂಜರ ಬೆಸೆದ. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಒಂದೇ ಮಗ್ಗುಲಿಗೆ ಹರಿದು ಇಂಜಿನ್ ಒಣಗುತ್ತದೆಂದು ಎಣ್ಣೆಯ ತಟ್ಟೆಯೊಳಗೆ ತಗಡಿನ ಅಡ್ಡಗೋಡೆಗಳನ್ನು ಹಾಕಿದ; ಮೊದಲ ಸಲ ಹಾಕಿದ್ದು ಸೋರಿ ಶೆಡ್ಡೆಲ್ಲ ಎಣ್ಣೆಯಾದಾಗ ತಗಡನ್ನು ಬೈದ. ಇಷ್ಟೆಲ್ಲ ಬಿಚ್ಚಿದವನು ಬಲಗಡೆಯ ಸೀಟೊಂದನ್ನು ಮಾತ್ರ ಮುಟ್ಟಲಿಲ್ಲ.

‘ಅದನ್ನೂ ತೆಗಿಯೋ, ಸುಮ್ನೆ ಭಾರ’ ಎಂದ ಪ್ರಸಾದ.

‘ಕೂತವ್ರನ್ನ ಎಬ್ಸಕ್ಕಾಗುತ್ತಾ ಅಯ್ಯ?’

ಪ್ರಸಾದ ನಕ್ಕ. ಬೂತಪ್ಪ ನಗಲಿಲ್ಲ. ಅವನು ದಿನಾ ಬೆಳಿಗ್ಗೆ ಆ ಸೀಟನ್ನು ಕೋಟಿನ ತೋಳಿನಿಂದ ಒರೆಸಿ, ಒಂದು ವೀಳ್ಯದೆಲೆಯ ಮೇಲೆ ಅಡಿಕೆಯ ಹೋಳಿಟ್ಟು ಕೆಲಸ ಶುರು ಮಾಡುವುದನ್ನು ಪ್ರಸಾದ ಗಮನಿಸಿದ. ಮಧ್ಯಾಹ್ನಕ್ಕೆ ಎಲೆಯೂ ಇರುತ್ತಿರಲಿಲ್ಲ, ಅಡಿಕೆಯೂ ಇರುತ್ತಿರಲಿಲ್ಲ. ಕೇಳಿದರೆ ‘ಇಲಿ ಇರ್ಬೇಕು’ ಎನ್ನುತ್ತಿದ್ದ. ಎಲೆಯಡಿಕೆ ಹಾಕಿ, ಶೆಡ್ಡಿನ ಕಂಬದ ಬುಡದಲ್ಲಿ ಕೆಂಪಗೆ ಉಗುಳುವ ಇಲಿಯನ್ನು ಪ್ರಸಾದ ಎಲ್ಲೂ ಕಂಡಿರಲಿಲ್ಲ. ಬೂತಪ್ಪ ಎಲೆ ಹಾಕುವವನೇ ಅಲ್ಲ.

ಜನವರಿಯ ಒಂದು ಬೆಳಿಗ್ಗೆ ಪ್ರಸಾದ ಒಬ್ಬನೇ ಕಾರನ್ನು ನರಸಿಂಹರಾಜಪುರದ ರಸ್ತೆಯಲ್ಲಿ ಓಡಿಸಿ ನೋಡಿದ. ಮಂಜು ಇನ್ನೂ ಕರಗಿರಲಿಲ್ಲ. ಎದುರಿನಿಂದ ಬಂದ ಬಸ್ಸು ಇದ್ದಕ್ಕಿದ್ದಂತೆ ಕಿರುಚಿ ನಿಂತಿತು. ಡ್ರೈವರ್ ಲಿಂಗಪ್ಪ ಪರಿಚಯದವನೇ. ಕಿಟಕಿಯಿಂದ ಇಣುಕಿ, ‘ಎಂತ ಆಯ್ತು? ನಿಮ್ಮ ಡ್ರೈವರು ಕೈ ಹೊರಗೆ ಹಾಕಿ ನಿಲ್ಸು ನಿಲ್ಸು ಅಂತಿದ್ನಲ್ಲ’ ಎಂದವನು ಕಾರಿನೊಳಗೆ ನೋಡಿದ. ಬಲಗಡೆ ಯಾರೂ ಇರಲಿಲ್ಲ; ಕಾರು ಓಡಿಸುತ್ತಿದ್ದವನು ಎಡಗಡೆಯಿದ್ದ. ಲಿಂಗಪ್ಪ ತಟ್ಟನೆ ಗೇರು ಹಾಕಿ ಹೋದ.

ತನ್ನ ಹೆದರಿಕೆಯನ್ನು ಪ್ರಸಾದ ಯಾರಿಗೂ ಹೇಳಲಿಲ್ಲ. ಓಟದ ದಿನ ಬಂತು. ಮುಂಚೆಯೇ ಸುರಿದಿದ್ದ ಒಂದು ಅಕಾಲದ ಮಳೆಗೆ ತೋಟವೆಲ್ಲ ಕಾಫಿಯ ಹೂವು. ಗುಡ್ಡ ಪೂರ್ತಿ ಬೆಳ್ಳಗೆ, ಉಸಿರು ಕಟ್ಟುವಷ್ಟು ಘಮ. ಬುಡದಲ್ಲಿ ಶಾಮಿಯಾನ, ಕುರ್ಚಿಗಳ ಮೊದಲ ಸಾಲಿನಲ್ಲಿ ಶಾರದಾಂಬ. ಬೂತಪ್ಪ ಕೋಟಿನ ಗುಂಡಿ ಹಾಕಿಕೊಂಡು, ಪ್ರಸಾದನ ಬೆಲ್ಟು ಬಿಗಿದು, ಬಲಗಡೆಯ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದ. ‘ಹುಷಾರಿ’ ಎಂದ. ಯಾರಿಗೆ ಹೇಳಿದನೆಂದು ತಿಳಿಯಲಿಲ್ಲ.

ಕಾರು ಎದ್ದ ರಭಸಕ್ಕೆ ಶಾಮಿಯಾನದ ಬಟ್ಟೆ ನಡುಗಿತು. ಮೊದಲ ಎರಡು ತಿರುವು ಹೂವೆತ್ತಿದ ಹಾಗೆ ಕಳೆಯಿತು. ಮೂರನೆಯದರ ಮುಂಚಿನ ನೇರದಾರಿಯಲ್ಲಿ, ಎಂಟು ಸಿಲಿಂಡರುಗಳ ಅಬ್ಬರದ ನಡುವೆಯೂ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಪ್ರಸಾದನಿಗೆ ಕೇಳಿಸಿತು: ‘ತಡೀರಿ ಅಯ್ಯ.’ ರಸ್ತೆ ಮುಚ್ಚಿತ್ತು, ಎದುರಿಗೆ ನಾಯಿಯೂ ಬರುವಂತಿರಲಿಲ್ಲ. ‘ತಡೀರಿ ಅಯ್ಯ, ತಡೀರಿ!’ ಈಗ ಆ ದನಿಯಲ್ಲಿ ಅಳುವಿತ್ತು. ಪ್ರಸಾದ ಬ್ರೇಕಿಗೆ ಕಾಲೆತ್ತಬೇಕೆಂದುಕೊಂಡ. ಕಾಲು ಏಳಲಿಲ್ಲ. ಅದು ತನ್ನದಲ್ಲದ ಭಾರದಿಂದ ಆಕ್ಸಿಲರೇಟರನ್ನು ತುಳಿಯಿತು. ಅವನ ಬಾಯಿ ತಾನಾಗಿ ತೆರೆದು, ಅವನದಲ್ಲದ ಗಡಸಿನಲ್ಲಿ, ‘ಸುಮ್ನಿರೋ, ನಂಗೊತ್ತು’ ಎಂದಿತು. ಅದು ಅಪ್ಪನ ಮಾತು. ಹೆಂಡತಿಗೆ, ಮಕ್ಕಳಿಗೆ, ಆಳುಗಳಿಗೆ, ಒಮ್ಮೆ ಮಠದ ಪಾರುಪತ್ಯಗಾರರಿಗೂ ವಿದ್ಯಾಶಂಕರಯ್ಯ ಹೇಳುತ್ತಿದ್ದದ್ದು ಇದೊಂದೇ ಮಾತು. ಆರು ವರ್ಷದವನಿದ್ದಾಗ ಕೇಳಿದ ಆ ದನಿ ಇವತ್ತು ತನ್ನ ಗಂಟಲಿನಿಂದ ಹೊರಟಿತ್ತು.

ತಿರುವು ಸಿಗಲಿಲ್ಲ. ಕಾರು ಹೂವಿನ ಗಿಡಗಳನ್ನು ಸೀಳಿಕೊಂಡು ಹೋಗಿ, ಸಿಲ್ವರ್ ಓಕ್ ಮರವೊಂದಕ್ಕೆ ಮಗ್ಗುಲು ಒರಗಿಸಿ ನಿಂತಿತು. ಪಂಜರ ಬಾಗಿತು, ತಲೆ ಉಳಿಯಿತು.

ಎಲ್ಲರಿಗಿಂತ ಮೊದಲು ಓಡಿಬಂದವನು ಬೂತಪ್ಪ. ಪೆಟ್ಟಾಯಿತೇ ಎಂದು ಕೇಳಲಿಲ್ಲ. ‘ಎಂತ ಹೇಳ್ದ?’ ಎಂದು ಕೇಳಿದ.

‘ತಡೀರಿ ಅಂದ. ಎರಡು ಸಲ ಅಂದ’ ಎಂದ ಪ್ರಸಾದ. ‘ಅಪ್ಪಯ್ಯ ಕೇಳ್ಲಿಲ್ಲ.’

‘ನಂಗೆ ಇಂಜಿನ್ ಶುರು ಮಾಡಿದ ದಿನವೇ ಅಣ್ಣ ಹೇಳಿದ್ದ.’

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’

‘ತಮ್ಮ ಹೇಳಿದ್ರೆ ನೀ ಅಣ್ಣನ ಪರ ಅಂತಿದ್ದೆ ಅಯ್ಯ. ನಿನ್ನ ಬಾಯಲ್ಲೇ ಬರ್ಲಿ ಅಂತ ಕಟ್ದೆ’ ಎಂದ ಬೂತಪ್ಪ. ಮುಖದಲ್ಲಿ ಗೆಲುವಿರಲಿಲ್ಲ, ಬಹಳ ದಣಿದವನ ಹಾಗೆ ಕಂಡ.

ಕುಂಟುತ್ತ ಶಾಮಿಯಾನಕ್ಕೆ ಬಂದ ಪ್ರಸಾದ, ಕ್ಲಬ್ಬಿನವರೆಲ್ಲ ಸುತ್ತ ನಿಂತಿರುವಾಗಲೇ ಅದನ್ನು ತಾಯಿಯ ಎದುರು ಹೇಳಿದ. ಒಂದಿಬ್ಬರು ತಲೆಗೆ ಪೆಟ್ಟು ಬಿದ್ದಿದೆಯೆಂದು ಪಿಸುಗುಟ್ಟಿದರು. ಶಾರದಾಂಬ ಮಾತ್ರ ಹಾಗೆ ತಿಳಿಯಲಿಲ್ಲ. ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸಿದರು, ಬಿಡಿಸಿದರು. ‘ಅವ್ರು ಯಾರ ಮಾತು ಕೇಳಿದ್ದುಂಟು?’ ಎಂದರು ಕೊನೆಗೆ. ದನಿ ಎಷ್ಟು ಸಣ್ಣದಿತ್ತೆಂದರೆ ಹತ್ತಿರವಿದ್ದವರಿಗೆ ಮಾತ್ರ ಕೇಳಿಸಿತು.

ಬೂತಪ್ಪ ಮುಂದೆ ಬಂದ. ಜೀವನದಲ್ಲಿ ಮೊದಲ ಸಲ ಮನುಷ್ಯರೊಬ್ಬರನ್ನು ಬಹುವಚನದಲ್ಲಿ ಮಾತಾಡಿಸಬೇಕಾಗಿ ಬಂದಂತೆ ತಡವರಿಸಿದ. ‘ಅಮ್ಮ, ನೀವು ಇದನ್ನ ನಮ್ಮವ್ವನ ಎದುರಿಗೆ ಹೇಳ್ಬೇಕು. ಹಾಸಿಗೆ ಹಿಡಿದಿದಾಳೆ. ಈ ಮಳೆಗಾಲ ಕಾಣ್ತಾಳೋ ಇಲ್ವೋ.’

‘ಬತ್ತೆ’ ಎಂದರು ಶಾರದಾಂಬ.

ಜೀಪಿನಲ್ಲಿ ಭಂಡಿಗಡಿಗೆ ಹೋದರು. ಇಬ್ಬರು ಮುದುಕಿಯರು ಏನು ಮಾತಾಡಿದರೆಂಬುದು ಹೊರಗೆ ನಿಂತವರಿಗೆ ತಿಳಿಯಲಿಲ್ಲ. ಒಳಗಿನಿಂದ ಅಳು ಕೇಳಿತು, ಯಾರದೆಂದು ಗುರುತು ಹತ್ತಲಿಲ್ಲ. ಸಣ್ಣಕ್ಕ ಮೇ ತಿಂಗಳಲ್ಲಿ ಹೋದಳು.

ಆಮೇಲೆ ಕಾರು ರಿಪೇರಿಯಾಯಿತು, ಬೇಕಾದಷ್ಟು ಓಡಿತು, ಬಲಗಡೆಯ ಸೀಟಿನಿಂದ ಮತ್ತೆ ದನಿ ಕೇಳಲಿಲ್ಲ. ಬೂತಪ್ಪ ಕೆಲವು ದಿನ ಬೆಳಿಗ್ಗೆ ತೋಟಕ್ಕೆ ಬಂದು, ಇಂಜಿನ್ ಶುರು ಮಾಡಿ, ಕಣ್ಣು ಮುಚ್ಚಿ ಕೂತಿರುತ್ತಿದ್ದ. ಒಂದು ದಿನ ಇಂಜಿನ್ ಆರಿಸಿ ಇಳಿದು, ‘ಹೋದ ಮಾರಾಯ’ ಎಂದು ಪ್ರಸಾದನ ಎದುರಿಗೇ ಮಕ್ಕಳ ಹಾಗೆ ಅತ್ತ. ಅಣ್ಣನ ಹೆಸರಿನ ಕಳಂಕ ತೊಳೆಯುವುದೆಂದರೆ ಅಣ್ಣನನ್ನು ಎರಡನೆಯ ಸಲ ಕಳೆದುಕೊಳ್ಳುವುದೆಂದು ಅವನಿಗೆ ಮೊದಲೇ ಗೊತ್ತಿತ್ತೋ ಏನೋ. ಗೊತ್ತಿದ್ದರೂ ಕಟ್ಟುತ್ತಿದ್ದನೆಂದೇ ಪ್ರಸಾದ ಇಂದಿಗೂ ನಂಬುತ್ತಾನೆ.

ಇಂಥವರು ನಮ್ಮ ನಡುವೆ ಯಾವಾಗಲೂ ಕೆಲವರಿರುತ್ತಾರೆ. ಅವರಿಗೆ ಜಗಲಿಯ ಮೇಲೆ ನ್ಯಾಯ ಕೇಳುವ ಸಲಿಗೆಯಿಲ್ಲ, ಕೇಳಿದರೆ ನಾವು ಕಿವಿಗೊಡುವವರೂ ಅಲ್ಲ. ಅವರು ಮರುಮಾತಾಡದೆ ನಮ್ಮ ಮನೆಯ ಬೇಲಿಯನ್ನೋ ಬಾವಿಯನ್ನೋ ಗಾಡಿಯನ್ನೋ ದುರಸ್ತಿ ಮಾಡುತ್ತ ಕಾಯುತ್ತಾರೆ. ನಮ್ಮ ಹಟವನ್ನು, ಆಸೆಯನ್ನು, ನಾವು ಯಾವಾಗ ಮೈಮರೆಯುತ್ತೇವೆಂಬುದನ್ನು ನಮಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ನಮ್ಮನ್ನು ಆ ಗಾಡಿಯೊಳಗೆ ಕೂರಿಸಿ, ಬೆಲ್ಟು ಬಿಗಿದು, ಬಾಗಿಲು ಹಾಕುತ್ತಾರೆ. ಓಡಿಸುತ್ತಿರುವವರು ನಾವೇ ಎಂದು ನಾವು ತಿಳಿದಿರುತ್ತೇವೆ.