ಬಾಗಿಲು ಹಾಕುವ ಮುಂಚಿನ ಕೂಗು

ಜ್ವಾಲಾಮಾಲಿನಿ ಹುಟ್ಟಿದಾಗಿನಿಂದ ಆಲೂಗಡ್ಡೆಯನ್ನು ಬಾಯಿಗಿಟ್ಟವಳಲ್ಲ. ಶ್ರವಣಬೆಳಗೊಳದ ಹತ್ತಿರದ ಅವರ ಮನೆಯಲ್ಲಿ ನೆಲದೊಳಗೆ ಬೆಳೆದ ಗಡ್ಡೆ ಯಾವುದೂ ಒಲೆ ಏರುತ್ತಿರಲಿಲ್ಲ. ಆದರೆ ಅವಳಿಗೆ ಅನ್ನ ಕೊಟ್ಟದ್ದು ಆಲೂಗಡ್ಡೆಯೇ. ಹಾಸನದಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿ, ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿಗೆ ಗುಮಾಸ್ತೆಯಾಗಿ ಸೇರಿದವಳು ಈಗ ಅಲ್ಲಿ ಸರಕು ಬರುವುದನ್ನೂ ಹೋಗುವುದನ್ನೂ ನೋಡಿಕೊಳ್ಳುತ್ತಿದ್ದಳು. ಪಂಜಾಬಿನಿಂದ ಲಾರಿಗಳಲ್ಲಿ ಬಂದ ಬಿತ್ತನೆ ಗಡ್ಡೆಯನ್ನು ಮುಂಗಾರು ಹದವಾಗುವ ತನಕ ತಣ್ಣಗೆ ಕಾಯುವುದು ಅವಳ ಕೆಲಸ.

"ನೀವು ತಿನ್ನಾಕಿಲ್ವಲ್ಲ, ಅದ್ಕೇ ಯಜಮಾನ್ರು ನಿಮ್ ಕೈಗೇ ಬೀಗ ಕೊಟ್ಟವ್ರೆ ಕಣವ್ವ," ಎಂದು ಹಮಾಲಿ ಲಕ್ಕಯ್ಯ ರೇಗಿಸುತ್ತಿದ್ದ. "ಬೆಕ್ಕಿನ್ ಕೈಗೆ ಹಾಲ್ ಕೊಡ್ತಾರಾ ಯಾರಾದ್ರೂವೆ?"

ಲಕ್ಕಯ್ಯ ಅರಕಲಗೂಡಿನ ಕಡೆಯವನು. ಆ ಕೋಲ್ಡ್ ಸ್ಟೋರೇಜಿನಲ್ಲಿ ಅವನದೇ ಒಂದು ಕಟ್ಟಳೆ ಇತ್ತು. ಕೋಣೆಯ ಬಾಗಿಲು ಹಾಕುವ ಮುಂಚೆ ಒಳಗೆ ಮುಖ ಮಾಡಿ, ಯಾರಿದ್ದೀರಿ ಎಂದು ಕೂಗಬೇಕು. ಕೂಗಿದರಷ್ಟೇ ಸಾಲದು, ಗಾಳಿಯಾಡಿಸುವ ದೊಡ್ಡ ಫ್ಯಾನನ್ನು ನಿಲ್ಲಿಸಬೇಕು. ಅದು ತಿರುಗುತ್ತಿದ್ದರೆ ಮೂಟೆಗಳ ಹಿಂದೆ ಯಾರು ಅರಚಿಕೊಂಡರೂ ಕೇಳುವುದಿಲ್ಲ. ಅದರ ಗುಂಯ್‌ಗುಟ್ಟುವಿಕೆ ಪೂರ್ತಿ ಅಡಗಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ಕೇಳಿಸಿಕೊಳ್ಳಬೇಕು.

೧೯೯೮ರ ಮೇ ತಿಂಗಳಲ್ಲಿ, ಜ್ವಾಲಾಮಾಲಿನಿ ತಂಗಿಯ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ಕೋಲ್ಡ್ ಸ್ಟೋರೇಜಿನ ಗೇಟಿನಾಚೆ ಲಾರಿಗಳು ಸಾಲುಗಟ್ಟಿದ್ದವು. ಹೊಸ ಮೇಲ್ವಿಚಾರಕ ನಾಲ್ಕನೇ ಕೋಣೆಯ ಬಾಗಿಲಲ್ಲಿ ನಿಂತು ಕೂಗೇನೋ ಹಾಕಿದ. ಫ್ಯಾನು ನಿಲ್ಲಿಸಲಿಲ್ಲ. ಜಾರಿದ ಮೂಟೆಯನ್ನು ಸರಿಯಾಗಿ ಜೋಡಿಸಲು ಒಳಗೆ ಹೋಗಿದ್ದವನು ಲಕ್ಕಯ್ಯನೇ. ಬಾಗಿಲಿನ ಒಳಹಿಡಿ ಮುರಿದು ಬಹಳ ದಿನವಾಗಿತ್ತು. ಮರುದಿನ ಬಾಗಿಲು ತೆಗೆದಾಗ ಅವನು ಅದಕ್ಕೆ ಒರಗಿಕೊಂಡು ಕೂತೇ ಇದ್ದನಂತೆ. ಎದೆ ನಿಂತು ಸತ್ತ ಎಂದು ಬರೆಸಿದರು. ಎಲ್ಲರೂ ಹಾಗೆಯೇ ಹೇಳಿ ರೂಢಿ ಮಾಡಿಕೊಂಡರು.

ಮದುವೆ ಮುಗಿಸಿ ಬಂದ ಜ್ವಾಲಾಮಾಲಿನಿ ಆ ಸಂಜೆ ನಾಲ್ಕನೇ ಕೋಣೆಯ ಫ್ಯಾನು ನಿಲ್ಲಿಸಿ ಕೂಗಿದಳು. ಯಾರೂ ಇಲ್ಲದ ಕೋಣೆಯ ಹಿಂದಿನ ಗೋಡೆಯ ಕಡೆಯಿಂದ ಲಕ್ಕಯ್ಯನ ದನಿ, "ಇವ್ನಿ ಕಣವ್ವ" ಎಂದಿತು.

ಅಂದಿನಿಂದ ಅದು ತಪ್ಪಿಲ್ಲ. ತನಗೇ ತಲೆ ಕೆಟ್ಟಿದೆಯೇನೋ ಎಂದು ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ದನಿ ಕೇಳಿದ ಮೇಲೆ ಹಾಗೇ ಬಾಗಿಲು ಹಾಕುವುದಾದರೂ ಹೇಗೆ? ನಿಜವಾಗಿ ಯಾರೋ ಇದ್ದುಬಿಟ್ಟರೆ? ದಿನವೂ ಹಿಂದಿನ ಗೋಡೆಯ ತನಕ ಹೋಗಿ, ಮೂಟೆಗಳ ಸಂದಿಯಲ್ಲೆಲ್ಲ ಇಣುಕಿ, ಗೋಡೆ ಮುಟ್ಟಿ ಬರುತ್ತಿದ್ದಳು. ಈಯಮ್ಮನದು ಆಮೆ ನಡಿಗೆ ಎಂದು ಯಜಮಾನರು ಗೊಣಗುತ್ತಿದ್ದರು.

೨೦೦೪ರ ಬೇಸಿಗೆಗೆ ಮುಂಚೆ ಅದೇ ಯಜಮಾನರು ಅವಳನ್ನು ಕರೆದರು. "ಹೊಳೆನರಸೀಪುರದ ಕಾಲೇಜಿನೋರು ಕೇಳಿದಾರೆ. ಸಪ್ಲೈ ಚೈನ್ ಓದೋದರ ಬಗ್ಗೆ ಹುಡುಗರಿಗೆ ನಾಲ್ಕು ಒಳ್ಳೇ ಮಾತು ಹೇಳಿ ಬನ್ನಿ. ಅಲ್ಲಿ ರಂಜನಿ ಅಂತ ಇದಾಳೆ, ಅರ್ಚಕರ ಮಗಳು. ಪರೀಕ್ಷೆ ಮುಗಿಸಿ ನಮ್ಮಲ್ಲಿಗೇ ಟ್ರೈನಿಯಾಗಿ ಬರ್ತಾಳೆ. ನಾಲ್ಕನೇ ಕೋಣೆ ಅವಳಿಗೇ ಒಪ್ಪಿಸೋಣ, ಚುರುಕಾಗಿದಾಳೆ. ಹಳೇ ಪುರಾಣ ಮಾತ್ರ ತೆಗೀಬೇಡಿ."

ಚುರುಕು ಎಂಬ ಮಾತನ್ನೇ ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆನೆದಳು. ಅಂದು ಫ್ಯಾನು ನಿಲ್ಲಿಸದ ಆ ಮೇಲ್ವಿಚಾರಕನೂ ಚುರುಕಾದವನೇ. ಈ ಹುಡುಗಿಗೆ ಬರಬೇಡ ಎಂದು ಹೇಳಿಬಿಡಬೇಕು ಎಂದುಕೊಂಡಳು. ಏಕೆ ಎಂದು ಕೇಳಿದರೆ? ಸಂಜೆ ಕಾಲೇಜಿನವಳು ಹಗಲು ಕಾಲೇಜಿನ ಮಕ್ಕಳಿಗೆ ದೆವ್ವದ ಕತೆ ಹೇಳಿ ಹೋದಳು ಎನ್ನುವುದಿಲ್ಲವೇ?

ವಾಣಿಜ್ಯದ ಮೇಷ್ಟ್ರು ಗೌರೀಶಂಕರ ಅವಳನ್ನು ಪರಿಚಯಿಸಿ, "ಇವರು ಹಾಸನದ ಆಲೂಗಡ್ಡೆಗೆಲ್ಲ ತಾಯಿ ಇದ್ದ ಹಾಗೆ" ಎಂದು ನಗಿಸಿ ಕುಳಿತರು. ಜ್ವಾಲಾಮಾಲಿನಿ ಎದ್ದು ನಿಂತಳು. ಒಂದು ಗಡ್ಡೆ ಜಲಂಧರದ ಹೊಲದಿಂದ ಹಾಸನದ ಪಕ್ಕದ ಕಟ್ಟಾಯದ ಹೊಲಕ್ಕೆ ಬರುವ ತನಕ ಎಷ್ಟು ಕೈ ದಾಟುತ್ತದೆ ಎಂದು ಹೇಳಿದಳು. ಆ ಕೈಗಳಲ್ಲಿ ಒಂದು ಸಡಿಲವಾದರೂ ಗಡ್ಡೆ ಕೊಳೆಯುತ್ತದೆ, ಸಡಿಲವಾಗದ ಹಾಗೆ ನೋಡಿಕೊಳ್ಳುವ ವಿದ್ಯೆಯೇ ಇದು ಎಂದಳು. ಲೆಕ್ಕ ಬರಬೇಕು, ಕಂಪ್ಯೂಟರ್ ಬರಬೇಕು, ಡ್ರೈವರುಗಳ ಜೊತೆ ಜಗಳವಾಡುವಷ್ಟು ಹಿಂದಿ ಬರಬೇಕು. ಪದವಿಯಾದ ಮೇಲೆ ಡಿಪ್ಲೊಮಾ ಮಾಡಿ, ಅದಕ್ಕೆ ಮೊದಲು ರಜೆಯಲ್ಲಿ ಯಾವುದಾದರೂ ಗೋಡೌನಿನಲ್ಲಿ ನಿಂತು ನೋಡಿ ಎಂದಳು.

"ಬೋಂಡನೂ ಈ ಚೈನಲ್ಲೇ ಬತ್ತದಾ ಮೇಡಂ?" ಎಂದ ಒಬ್ಬ.

"ನಂಗೊತ್ತಿಲ್ಲಪ್ಪ, ನಾನು ತಿಂದಿಲ್ಲ," ಎಂದಳು. ಇಡೀ ಕೊಠಡಿ ನಗೆಯಲ್ಲಿ ಮುಳುಗಿತು.

ಮುಂದಿನ ಬೆಂಚಿನ ಹುಡುಗಿ ನಗಲಿಲ್ಲ. ಎದ್ದು ನಿಂತು, "ನಾನು ರಂಜನಿ, ಮೇಡಂ. ನಿಮ್ಮಲ್ಲಿಗೇ ಬರೋಳು. ಬರೋದಕ್ಕೆ ಮುಂಚೆ ಏನು ಕಲ್ತಿರಬೇಕು?" ಎಂದಳು.

ಜ್ವಾಲಾಮಾಲಿನಿ ಅವಳನ್ನು ನೋಡಿದಳು. ತೆಳ್ಳಗಿನ ಮಣಿಕಟ್ಟು, ಒಂದೇ ಬಳೆ. ನಾಲ್ಕನೇ ಕೋಣೆಯ ಬಾಗಿಲನ್ನು ಎಳೆಯಲು ಎರಡೂ ಕೈ ಬೇಕಾದೀತು. ಒಳ್ಳೆಯ ಮಾತೆಲ್ಲ ಒಮ್ಮೆಗೇ ಆರಿಹೋಯಿತು.

"ಫ್ಯಾನ್ ಆರಿಸು," ಎಂದಳು.

"ಮೇಡಂ, ಸೆಕೆ," ಎಂದರು ಮೇಷ್ಟ್ರು.

"ಒಂದು ನಿಮಿಷ ಸಾರ್."

ರಂಜನಿ ಸ್ವಿಚ್ಚಿನ ಹಲಗೆಯ ಬಳಿ ಹೋಗಿ ಫ್ಯಾನುಗಳನ್ನೆಲ್ಲ ಆರಿಸಿದಳು. ಜ್ವಾಲಾಮಾಲಿನಿ ಬಾಗಿಲಲ್ಲಿ ನಿಂತು, ಲಕ್ಕಯ್ಯ ಯಾರು, ಅವನ ಕಟ್ಟಳೆ ಏನು, ಅವನು ಹೇಗೆ ಹೋದ ಎಂದು ಹೇಳಿದಳು. ಯಜಮಾನರ ಮಾತು ನೆನಪಾದರೂ ನಿಲ್ಲಿಸಲಿಲ್ಲ. ತನಗೆ ಕೇಳಿಸುವುದನ್ನು ಮಾತ್ರ ಹೇಳಲಿಲ್ಲ. ಅಷ್ಟು ಹೊತ್ತಿಗೆ ರೆಕ್ಕೆಗಳು ಪೂರ್ತಿ ನಿಂತಿದ್ದವು. ಅವನ ಹಾಗೆಯೇ ಕೂಗಿದಳು.

"ಯಾರವ್ರಲಾ ಒಳ್ಗೆ?"

ಕಿಸಿಕಿಸಿ ನಕ್ಕವರು ತಾವಾಗಿ ಸುಮ್ಮನಾದರು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು. ಆಮೇಲೆ, ಯಾರೂ ಕೂರದ ಕೊನೆಯ ಬೆಂಚುಗಳ ಹಿಂದಿನಿಂದ, ಅದೇ ದನಿ. "ಇವ್ನಿ ಕಣವ್ವ."

ಕೋಲ್ಡ್ ಸ್ಟೋರೇಜಿನ ಆಚೆ ಅದು ಎಂದೂ ಬಂದಿರಲಿಲ್ಲ. ಜ್ವಾಲಾಮಾಲಿನಿ ಹುಡುಗರ ಮುಖ ನೋಡಿದಳು. ಯಾವ ಮುಖವೂ ಬದಲಾಗಿರಲಿಲ್ಲ. ಸ್ವಿಚ್ಚಿನ ಹತ್ತಿರ ರಂಜನಿ ಮಾತ್ರ ಹಿಂದಕ್ಕೆ ತಿರುಗಿದ್ದಳು.

"ಏನೇ ನೋಡ್ತೀಯ? ಯಾರೂ ಇಲ್ಲ ಕಣೇ," ಎಂದಳು ಅವಳ ಗೆಳತಿ ಹಂಸ.

ರಂಜನಿ ಬೆಂಚುಗಳ ನಡುವೆ ನಡೆದುಕೊಂಡು ಹೋದಳು. ಕೊನೆಯ ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಹಿಂದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿದಳು. ಗೋಡೆ ಮುಟ್ಟುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂದು ಮತ್ತೆ ಸ್ವಿಚ್ಚಿನ ಬಳಿ ನಿಂತಳು.

"ಯಾರೂ ಇಲ್ಲ ಮೇಡಂ. ಆದ್ರೂ ನೋಡ್ದೆ."

ಬರಬೇಡ ಎಂಬ ಮಾತು ಜ್ವಾಲಾಮಾಲಿನಿಯ ನಾಲಗೆಯ ತುದಿಯಲ್ಲೇ ಉಳಿಯಿತು. ಈ ಹುಡುಗಿ ಇರುವಷ್ಟು ದಿನ ಆ ಕೋಣೆಯಲ್ಲಿ ಯಾರೂ ಉಳಿದುಹೋಗುವುದಿಲ್ಲ. ಹಾಗೆಂದು ನೆಮ್ಮದಿಯೂ ಆಯಿತು, ಆ ದನಿಯನ್ನೂ ಇವಳಿಗೇ ಒಪ್ಪಿಸುತ್ತಿದ್ದೇನಲ್ಲ ಎಂದು ಭಯವೂ ಆಯಿತು.

"ಯಾವತ್ತಿಂದ ಬರ್ತೀಯಮ್ಮ?" ಎಂದು ಕೇಳಿದಳು.

"ಪರೀಕ್ಷೆ ಮುಗಿದ ಮಾರನೇ ದಿನ." ರಂಜನಿ ಹತ್ತಿರ ಬಂದು ದನಿ ತಗ್ಗಿಸಿದಳು. "ಅವ್ರು ದಿನಾ ಮಾತಾಡ್ತಾರಾ ಮೇಡಂ?"

"ಫ್ಯಾನ್ ನಿಲ್ಲಿಸಿದಾಗ."

ಮೇಷ್ಟ್ರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಇನ್ನಾದ್ರೂ ಹಾಕಮ್ಮ," ಎಂದರು. ರಂಜನಿಯ ಬೆರಳು ಸ್ವಿಚ್ಚಿನ ಮೇಲಿತ್ತು. ಅವಳು ಕೊನೆಯ ಬೆಂಚಿನ ಕಡೆಗೆ ಇನ್ನೊಮ್ಮೆ ಕಿವಿಗೊಟ್ಟಳು. ಆಮೇಲೆ ಹಾಕಿದಳು.