ಮುನ್ನೂರ ಹನ್ನೆರಡು ಕೆಂಪು ಸಾಲು

ಅತ್ತಿಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದು.

ನಮ್ಮಿಬ್ಬರದೂ ಒಂದೇ ಆಫೀಸು. ಅವರು ಬರೆಯುವ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡನ್ನು, ನಂಬಿ ನಲವತ್ತು ಪ್ರೋಗ್ರಾಂಗಳು ಓಡುತ್ತವೆ. ಹೊಸ ಆವೃತ್ತಿ ಬಂದರೂ ಅವು ಕೆಡಬಾರದು. ಹಳತನ್ನೂ ಹೊಸತನ್ನೂ ಹೋಲಿಸಿ ನೋಡುವ ತಪಾಸಣೆ ನನ್ನದು; ಎಲ್ಲಿ ತಾಳೆಯಾಗದೋ ಅಲ್ಲಿ ಒಂದು ಕೆಂಪು ಸಾಲು ಬರುತ್ತದೆ. ಹನ್ನೊಂದು ವರ್ಷದಲ್ಲಿ ಅತ್ತಿಗೆಯ ಕೋಡಿಗೆ ಒಂದು ಕೆಂಪು ಸಾಲೂ ಬಂದಿರಲಿಲ್ಲ. ಆ ಸೋಮವಾರ ಮುನ್ನೂರ ಹನ್ನೆರಡು ಬಂದವು.

ಒಂದನ್ನಾದರೂ ತೆರೆದು ನೋಡಬೇಕಿತ್ತು. ನೋಡಲಿಲ್ಲ. ಅಣ್ಣನ ಹೆಂಡತಿಯಾದರೇನು, ನಾನು ಮುಖ ನೋಡಿ ಮಣೆ ಹಾಕುವವನಲ್ಲ ಎಂದು ತೋರಿಸಿಕೊಳ್ಳುವ ಚಪಲ. ಮೀಟಿಂಗಿನಲ್ಲಿ ಪಟ್ಟಿಯನ್ನು ಗೋಡೆಯ ಪರದೆಗೆ ಹಾಕಿ, "ಇದೇನು ಮನೆ ಅಡುಗೆನಾ, ಮನಸ್ಸಿಗೆ ಬಂದ ಹಾಗೆ ಬದಲಾಯಿಸೋಕೆ?" ಎಂದೆ. ಯಾರೋ ಕಿಸಕ್ಕನೆ ನಕ್ಕರು. ನನಗೆ ಹಿತವೆನಿಸಿತು.

ಅತ್ತಿಗೆ ಕನ್ನಡಕ ಒರೆಸಿಕೊಂಡರು. "ತಪಾಸಣೆ ಮೆಷಿನ್ನಲ್ಲಿ ಏನಾದ್ರೂ ಬದಲಾಯ್ತಾ?"

"ನನ್ನ ಕಡೆ ಏನೂ ಇಲ್ಲ."

ಮೂರು ದಿನ ಊಟದ ಡಬ್ಬಿ ತೆರೆಯದೆ ಹುಡುಕಿದರು. ಗುರುವಾರ ಎರಡು ತಿಂಗಳ ಕೆಲಸವನ್ನು ವಾಪಸ್ ತೆಗೆದು ಎಲ್ಲರಿಗೂ ಬರೆದರು: "ತಪ್ಪು ನನ್ನದು. ಎಲ್ಲಿ ಎಂದು ನನಗೇ ತಿಳಿಯುತ್ತಿಲ್ಲ. ಲೈಬ್ರರಿಯನ್ನು ಬೇರೆಯವರಿಗೆ ಒಪ್ಪಿಸಿ."

ಶುಕ್ರವಾರ ಅವರ ಹೊಸ ಕೋಡಿಲ್ಲದೆ ತಪಾಸಣೆ ಓಡಿಸಿದೆ. ಅದೇ ಮುನ್ನೂರ ಹನ್ನೆರಡು.

ಹಿಂದಿನ ವಾರ ತಪಾಸಣೆ ಮೆಷಿನ್ನಿಗೆ ಹೊಸ ಕಂಪೈಲರ್, ಅಂದರೆ ಕೋಡನ್ನು ಮೆಷಿನ್ನಿನ ಭಾಷೆಗೆ ತಿರುಗಿಸುವ ತಂತ್ರಾಂಶ, ಹಾಕಿದ್ದವನು ನಾನೇ, ಮರೆತೇಬಿಟ್ಟಿದ್ದೆ. ಹೋಲಿಕೆಗೆ ಇಟ್ಟುಕೊಂಡಿದ್ದ ಹಳೆಯ ಆವೃತ್ತಿಯ ದಾಖಲೆ ಹಳೆಯ ಕಂಪೈಲರಿನದು. ಹೊಸದು ಅದೇ ಸಂಗತಿಯನ್ನು ಬೇರೆ ರೀತಿಯಲ್ಲಿ ಬರೆದಿಡುತ್ತದೆ, ಅಷ್ಟೇ. ಕಂಪೈಲರ್ ಬದಲಾದರೆ ಹಳೆಯದನ್ನೂ ಅದರಲ್ಲೇ ಮತ್ತೆ ಕಟ್ಟಿ ಹೋಲಿಸಬೇಕು. ಹಾಗೆಂದು ನನಗೆ ಕಲಿಸಿದವರು ಅತ್ತಿಗೆಯೇ. ಕಟ್ಟಿದೆ. ಅವರ ಹೊಸ ಕೋಡನ್ನೂ ಮತ್ತೆ ಸೇರಿಸಿ ಓಡಿಸಿದೆ. ಕೆಂಪು ಸಾಲು ಸೊನ್ನೆ.

ಅತ್ತಿಗೆ ಡ್ರಾಯರ್ ಖಾಲಿ ಮಾಡುತ್ತಿದ್ದರು. ಅವರ ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾರಿಗೂ ಕೇಳದಂತೆ ಎಲ್ಲವನ್ನೂ ಹೇಳಿದೆ.

"ನನ್ನ ಹತ್ರ ಯಾಕಪ್ಪ ಪಿಸುಗುಡ್ತೀಯ?" ಎಂದರು. "ಸೋಮವಾರ ಗಂಟಲು ಚೆನ್ನಾಗೇ ಇತ್ತಲ್ಲ."

ಎದ್ದು ನಿಂತೆ. ಹದಿನಾಲ್ಕು ತಲೆಗಳು ನನ್ನತ್ತ ತಿರುಗಿದವು. "ತಪ್ಪು ನನ್ನದು" ಎಂದೆ. ದನಿ ಪಕ್ಕದ ಮೇಜಿಗೂ ಮುಟ್ಟಲಿಲ್ಲ.

"ಕೇಳಿಸ್ಲಿಲ್ಲ" ಎಂದರು ಅತ್ತಿಗೆ.

ಇನ್ನೊಮ್ಮೆ ಹೇಳಿದೆ.